ಜೀರ್ಣವೂ ನೂತನವೂ

ಹಳೆಯ ವಸ್ತುವೊಂದು ಕೈಗೆ ಬಂದಾಗ ಮನುಷ್ಯನ ಮನಸ್ಸು ಎರಡು ಪಕ್ಷಗಳ ನಡುವೆ ತೂಗಾಡುವುದು ಸಹಜವಷ್ಟೆ. ‘ಇಷ್ಟು ಕಾಲ ಬಾಳಿದುದು ಇನ್ನಷ್ಟು ಕಾಲ ಬಾಳದೆ?’ ಎಂಬುದು ಒಂದು ಪಕ್ಷ. ‘ಇಷ್ಟು ಕಾಲ ಬಾಳಿತಾದ್ದರಿಂದಲೇ ಇದರ ಆಯುಸ್ಸು ಮುಗಿಯುತ್ತ ಬಂದಿರಬೇಕು’ ಎಂಬುದು ಮತ್ತೊಂದು ಪಕ್ಷ. ವಿಚಿತ್ರವೇನೆಂದರೆ, ಎರಡು ಪಕ್ಷದವರೂ ಹಿಡಿಯುವ ಹೇತು ಒಂದೇ. ಅದು ವಸ್ತುವಿನ ವಯಸ್ಸು. ಒಂದೇ ಹೇತುವು ಪರಸ್ಪರವಿರುದ್ಧವಾದ ಎರಡು ಸಾಧ್ಯಗಳಿಗೆ ಒದಗುವುದಾದರೆ ಆ ಹೇತುವಿನಲ್ಲಿಯೇ ದೋಷವುಂಟೆಂದು ತರ್ಕವನ್ನು ಸ್ವಲ್ಪ ಓದಿದವರೂ ಹೇಳಿಯಾರು. ಕಾಳಿದಾಸನು ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿ ಹಳೆಯ ಮತ್ತು ಹೊಸ ಕಾವ್ಯಗಳ ವಿಷಯವಾಗಿ ಈ ದೋಷವನ್ನೇ ಎತ್ತಿ ತೋರಿಸಿ, ಪರೀಕ್ಷಿಸಿ ಸ್ವೀಕರಿಸುವುದೇ ವಿವೇಕಿಗಳ ಮಾರ್ಗವೆಂದಿದ್ದಾನೆ. ಆದರೆ ಕಾವ್ಯದಲ್ಲಿ ತೀರ್ಪು ತಪ್ಪಿದರೆ ಯಾರ ಮೂಳೆಯೂ ಮುರಿಯುವುದಿಲ್ಲ. ಯಂತ್ರದ ವಿಷಯವು ಹಾಗಲ್ಲ.

ಮೈಸೂರಿನವರಿಗೆ ಈ ಪ್ರಶ್ನೆಯು ಪುಸ್ತಕದ ಪ್ರಶ್ನೆಯಲ್ಲ, ಬೀದಿಯ ಪ್ರಶ್ನೆ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪೆನಿಯ ಕಾರ್ಖಾನೆಯಿದ್ದುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಚೆಕೋಸ್ಲೊವಾಕಿಯ ದೇಶದ ಜಾವಾ ಮೋಟಾರ್ ಸೈಕಲ್ಲನ್ನು ಇಲ್ಲಿಯೇ ತಯಾರಿಸುವ ಉದ್ದೇಶದಿಂದ ಇರಾನಿ ಮನೆತನದವರು ಅದನ್ನು ಸ್ಥಾಪಿಸಿದರು; ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು; 1961ರಿಂದ ಬಂಡಿಗಳು ಹೊರಬೀಳತೊಡಗಿದುವು. 1973ರ ಸುಮಾರಿನಲ್ಲಿ ಅದೇ ವಂಶದ ಬಂಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. ಒಂದೇ ಸಿಲಿಂಡರು, ಅದಕ್ಕೆ ಎರಡು ಹೊಗೆಕೊಳವೆ. ಕಾಲಿನಿಂದ ಒದ್ದು ಚಾಲೂ ಮಾಡುವ ಸನ್ನೆಯೇ ಮುಂದಕ್ಕೆ ತಿರುಗಿಸಿದರೆ ಗೇರಿನ ಸನ್ನೆಯಾಗುವ ಚಮತ್ಕಾರ. ಬೆಳಗಿನ ಜಾವದಲ್ಲಿ ಮೂರು ಬೀದಿಯಾಚೆಗೂ ಕೇಳುವ ದನಿ. ಮದರಾಸಿನ ಬಳಿಯ ಷೋಲಾವರಂನಲ್ಲಿ ಯುದ್ಧಕಾಲದ ವಿಮಾನದ ಹಾದಿಯ ಮೇಲೆ ನಡೆಯುತ್ತಿದ್ದ ಪಂದ್ಯಗಳಲ್ಲಿಯೂ ಈ ಊರಿನ ಬಂಡಿಗಳು ಓಡಿದುವು. 1980ರ ದಶಕದಲ್ಲಿ ಕಡಿಮೆ ಪೆಟ್ರೋಲು ಕುಡಿಯುವ ಜಪಾನೀ ಮಾದರಿಯ ಹಗುರ ಬಂಡಿಗಳು ಬಂದು, ಕಡೆಗೆ 1996ರಲ್ಲಿ ಕಾರ್ಖಾನೆಯು ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರೂ 2022ರಲ್ಲಿ ಯೆಜ್ಡಿ ಎಂಬ ಹೆಸರೂ ಮರಳಿ ಬಂದುವಾದರೂ, ಹೊಸ ಬಂಡಿಗಳ ಎಂಜಿನ್ನಿನ ಕ್ರಮವೇ ಬೇರೆ. ಅವುಗಳ ಅಂಗಗಳು ಹಳೆಯವಕ್ಕೆ ಹೊಂದತಕ್ಕವಲ್ಲ. ಆದುದರಿಂದ ಹಳೆಯ ಯೆಜ್ಡಿಯುಳ್ಳವನಿಗೆ ಇರುವುದು ಎರಡೇ ದಾರಿ: ಗುಜರಿಯಿಂದ ಹಳೆಯ ಅಂಗವನ್ನು ಆಯ್ದು ತರುವುದು, ಇಲ್ಲವೆ ಬೇರೆ ಯಾರೋ ಅನುಕರಿಸಿ ಮಾಡಿದ ಹೊಸ ಅಂಗವನ್ನು ಕೊಳ್ಳುವುದು.

ಈ ಊರಿನ ಒಬ್ಬ ಯುವಕನಿಗೆ ಈ ಸಂಕಟವು ಪ್ರಾಪ್ತವಾಯಿತು. ಅವನ ತಂದೆಯು ಇಪ್ಪತ್ತೆರಡು ವರ್ಷ ಮೈಸೂರಿನಿಂದ ನಂಜನಗೂಡಿಗೆ ಯೆಜ್ಡಿಯ ಮೇಲೆಯೇ ಉದ್ಯೋಗಕ್ಕೆ ಹೋಗಿ ಬಂದವರು. ಹಾಕಿಸಿದ ಪೆಟ್ರೋಲು ಎಷ್ಟು, ಅದರಲ್ಲಿ ಬೆರೆಸಿದ ಎಣ್ಣೆ ಎಷ್ಟು ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ತಪ್ಪದೆ ಬರೆದಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಬಂಡಿಯು ಹಿತ್ತಿಲ ಜಗಲಿಯ ಮೇಲೆ ಗೋಣಿತಾಟು ಹೊದ್ದು ಆರು ವರ್ಷ ನಿಂತಿದ್ದಿತು. ಊರ ಹೊರಗೆ ಮಣ್ಣಿನ ಹಾದಿಯಲ್ಲಿ ನಡೆಯುವ ಪಂದ್ಯವೊಂದರಲ್ಲಿ ಹಳೆಯ ಬಂಡಿಗಳಿಗೂ ಒಂದು ವರ್ಗವುಂಟೆಂದು ಕೇಳಿ, ತಂದೆಯ ಬಂಡಿಯನ್ನು ತಂದೆಯ ಎಂಜಿನ್ನಿನಿಂದಲೇ ಓಡಿಸಬೇಕೆಂದು ಮಗನು ಸಂಕಲ್ಪಿಸಿದನು. ತಾಯಿಯು ಬೇಡವೆನ್ನಲಿಲ್ಲ, ‘ನಿಮ್ಮಪ್ಪ ಅದರ ಮೇಲೆ ಒಂದು ದಿನವೂ ಆತುರಪಟ್ಟವರಲ್ಲ’ ಎಂದಷ್ಟೇ ಹೇಳಿದರು.

ಅವನು ಬಂಡಿಯನ್ನು ತಳ್ಳಿಕೊಂಡು ಹೋದುದು ಯಾದವಗಿರಿಯ ಕಾರ್ಖಾನೆಯಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಸ್ವಂತ ಷೆಡ್ಡು ಹಾಕಿಕೊಂಡ ವೃದ್ಧ ಮೇಸ್ತ್ರಿಯೊಬ್ಬರ ಬಳಿಗೆ. ಮೇಸ್ತ್ರಿಗಳು ಎಂಜಿನ್ನನ್ನು ಬಿಚ್ಚಿ, ಅಂಗಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಹಲಗೆಯ ಮೇಲೆ ಎರಡು ಸಾಲಾಗಿ ಇಟ್ಟರು. ಒಂದು ಸಾಲಿನಲ್ಲಿ ಹೊರಗವಚ, ಸಿಲಿಂಡರು, ಗೇರುಗಳು. ಮತ್ತೊಂದರಲ್ಲಿ ಪಿಸ್ಟನ್ನು, ರಿಂಗುಗಳು, ಬೇರಿಂಗುಗಳು, ಎಣ್ಣೆಯನ್ನು ತಡೆಯುವ ಸೀಲುಗಳು, ಬೋಲ್ಟುಗಳು. ‘ಈ ಸಾಲು ಉಳಿಯತಕ್ಕದ್ದು, ಆ ಸಾಲು ಹೊಸದಾಗತಕ್ಕದ್ದು’ ಎಂದರು.

ಸಿಲಿಂಡರಿನ ವಿಷಯದಲ್ಲಿ ಅವರದು ದೃಢವಾದ ಮತ. ಎರಕದ ಕಬ್ಬಿಣವು ಅಚ್ಚಿನಲ್ಲಿ ಆರುವಾಗ ಒಂದೆಡೆ ಬೇಗ, ಒಂದೆಡೆ ತಡವಾಗಿ ಆರಿ, ತನ್ನೊಳಗೆ ಒಂದು ಬಿಗುವನ್ನು ಇಟ್ಟುಕೊಳ್ಳುತ್ತದೆ. ವರ್ಷಗಟ್ಟಲೆ ಕಾದು, ತಣಿದು, ಮತ್ತೆ ಕಾದು ಆ ಬಿಗುವು ಸಡಿಲಿದ ಮೇಲೆ ಅದರ ಆಕಾರವು ಇನ್ನು ಕದಲುವುದು ಕಡಿಮೆ. ಒಳಗೋಡೆಯು ಸವೆದಿದ್ದರೆ ಲೇತಿನವರಿಂದ ಬೋರು ಮಾಡಿಸಿ, 65 ಮಿಲಿಮೀಟರಿಗಿಂತ ಕೂದಲಷ್ಟು ದಪ್ಪನಾದ ಪಿಸ್ಟನ್ನನ್ನು ಕೂಡಿಸಿದರಾಯಿತು. ಇದು ಬಡವರ ಉಪಾಯವೆಂದು ಹೀಯಾಳಿಸಬೇಕಾದುದಿಲ್ಲ. 1983ರಲ್ಲಿ ನೆಲ್ಸನ್ ಪಿಕೆಯು ಜಗತ್ತಿನ ಅತಿಶ್ರೇಷ್ಠ ಕಾರುಪಂದ್ಯವಾದ ಫಾರ್ಮುಲಾ ಒನ್ನಿನಲ್ಲಿ ಗೆದ್ದನಷ್ಟೆ, ಅವನ ಬಿ.ಎಂ.ಡಬ್ಲ್ಯು. ಎಂಜಿನ್ನಿನ ಮೂಲವು ಬೀದಿಯಲ್ಲಿ ಓಡುವ ಸಾಧಾರಣ ಕಾರಿನ ಎರಕದ ಕಬ್ಬಿಣದ ಬ್ಲಾಕು. ಅದನ್ನು ರೂಪಿಸಿದ ಜರ್ಮನ್ ಎಂಜಿನಿಯರರು ಮೊದಲಿನಲ್ಲಿ ಓಡಿ ಹಳೆಯದಾದ ಬ್ಲಾಕುಗಳನ್ನೇ ಆರಿಸಿಕೊಂಡರೆಂಬುದು ಪ್ರಸಿದ್ಧವಾಗಿದೆ. ಆದರೆ ಅವರು ಆ ಹಳೆಯ ಬ್ಲಾಕಿನೊಳಗೆ ಹಳೆಯ ಪಿಸ್ಟನ್ನನ್ನು ಇಡಲಿಲ್ಲ. ನಿಶ್ಚಲವಾಗಿ ಕುಳಿತು ಭಾರವನ್ನು ತಾಳುವುದು ಹಳೆಯದಿರಬಹುದು. ಕ್ಷಣಕ್ಷಣಕ್ಕೂ ದಿಕ್ಕು ಬದಲಿಸಿ ಎಳೆತಕ್ಕೆ ಸಿಕ್ಕುವುದು ಹೊಸದಾಗಿರಬೇಕು. ಮೇಸ್ತ್ರಿಗಳ ಎರಡು ಸಾಲಿನ ಮರ್ಮವೂ ಇದೇ.

ವಿವಾದ ಹುಟ್ಟಿದುದು ಯಾವ ಸಾಲಿನಲ್ಲಿಯೂ ಇಡದೆ ಮೇಸ್ತ್ರಿಗಳು ಕೈಯಲ್ಲಿಯೇ ಹಿಡಿದಿದ್ದ ಒಂದು ಅಂಗದ ವಿಷಯದಲ್ಲಿ. ಅದು ಕನೆಕ್ಟಿಂಗ್ ರಾಡು; ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವೆ ಇರುವ ತೋಳು. ಈ ಎಂಜಿನ್ನಿನಲ್ಲಿ ಕ್ರ್ಯಾಂಕನ್ನು ಒತ್ತುಯಂತ್ರದಲ್ಲಿಟ್ಟು ಬಿಡಿಸಿದ ಹೊರತು ಅದು ಹೊರಗೆ ಬಾರದು. ಅಳತೆ ಹಿಡಿದು ನೋಡಿದರು. ಬಾಗಿರಲಿಲ್ಲ, ಸವೆತವೂ ಅಲ್ಪವೇ. ಎಣ್ಣೆ ಸಾಲದೆ ಕಾದು ನೀಲಿಗಟ್ಟಿದ ಗುರುತೂ ಇರಲಿಲ್ಲ.

‘ಹಾಗಾದರೆ ಇದನ್ನೇ ಹಾಕಿಬಿಡಿ, ಮೇಸ್ತ್ರಿಗಳೇ. ಇದು ಕಾರ್ಖಾನೆಯ ಅಸಲು ಮಾಲು. ಈಗ ಸಿಕ್ಕುವ ಹೊಸದು ಯಾರು ಮಾಡಿದ್ದೋ, ಎಂಥ ಉಕ್ಕೋ. ಅಪ್ಪನ ಪುಸ್ತಕ ನೋಡಿ, ಒಂದು ದಿನವೂ ಎಣ್ಣೆ ತಪ್ಪಿಸಿಲ್ಲ.’

‘ಪುಸ್ತಕ ನೋಡಿದೆನಪ್ಪ. ಎಣ್ಣೆಯ ಲೆಕ್ಕ ಅದರಲ್ಲಿದೆ. ಎಳೆತದ ಲೆಕ್ಕ ಯಾರು ಬರೆದಿದ್ದಾರೆ?’

ಮೇಸ್ತ್ರಿಗಳ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಎಂಜಿನ್ನು ನಿಮಿಷಕ್ಕೆ 5000 ಸುತ್ತು ಸುತ್ತುವಾಗ ಪಿಸ್ಟನ್ನು ಸೆಕೆಂಡಿಗೆ 83 ಸಲ ಮೇಲೇರಿ ಕೆಳಗಿಳಿಯುತ್ತದೆ. ಒಂದೊಂದು ಸಲವೂ 75 ಮಿಲಿಮೀಟರು ಏರಿ, ತುದಿಯಲ್ಲಿ ನಿಂತು, ಹಿಂದಿರುಗುತ್ತದೆ. ಅದನ್ನು ನಿಲ್ಲಿಸಿ ಹಿಂದಕ್ಕೆ ಸೆಳೆಯುವ ಕೆಲಸವು ಈ ರಾಡಿನದು. ಸೆಳೆತದ ಬಲವು ವೇಗದ ವರ್ಗಕ್ಕೆ ಅನುಸಾರವಾಗಿ ಏರುತ್ತದೆ. 5000 ಸುತ್ತು 6000 ಆದರೆ ಬಲವು ಒಂದಕ್ಕೆ ಒಂದೂಕಾಲಲ್ಲ, ಸುಮಾರು ಒಂದೂವರೆಯ ಹತ್ತಿರ ಹೋಗುತ್ತದೆ. ನಂಜನಗೂಡಿನ ರಸ್ತೆಯ ಮೇಲೆ ಸಾವಧಾನದಿಂದ ಇಪ್ಪತ್ತೆರಡು ವರ್ಷ ಓಡಿದ ರಾಡು ಪಂದ್ಯದ ಹತ್ತು ನಿಮಿಷದಲ್ಲಿ ಹಿಂದೆಂದೂ ಕಾಣದ ಭಾರವನ್ನು ಕಾಣುತ್ತದೆ. ಹೀಗೆ ಭಾರವು ಬಂದು ಬಂದು ಹೋಗುವುದರಿಂದ ಉಕ್ಕು ದಣಿಯುತ್ತದೆಯೆಂಬುದನ್ನು ಲೋಕವು ಬಹಳ ಬೆಲೆ ಕೊಟ್ಟು ಕಲಿಯಿತು. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸಿನಿಂದ ಪ್ಯಾರಿಸಿಗೆ ಹಿಂದಿರುಗುತ್ತಿದ್ದ ರೈಲಿನ ಎಂಜಿನ್ನಿನ ಇರುಸು ಮುರಿದು ಐವತ್ತಕ್ಕಿಂತ ಹೆಚ್ಚು ಜನ ಬೆಂದು ಸತ್ತರು. ಅನಂತರ ಜರ್ಮನಿಯ ವೋಲರ್ ಎಂಬ ಎಂಜಿನಿಯರನು ರೈಲಿನ ಇರುಸುಗಳನ್ನು ವರ್ಷಾನುಗಟ್ಟಲೆ ಪರೀಕ್ಷಿಸಿ, ಒಂದೇ ಸಲಕ್ಕೆ ಮುರಿಯಲಾರದ ಭಾರವೂ ಲಕ್ಷಾಂತರ ಸಲ ಬಿದ್ದರೆ ಉಕ್ಕನ್ನು ಮುರಿಯಬಲ್ಲದೆಂದು ತೋರಿಸಿಕೊಟ್ಟನು. ಸಣ್ಣ ಗೀರಿನಿಂದ ಸೀಳು ಹುಟ್ಟುತ್ತದೆ. ಕಾಣದಂತೆ ಒಳಕ್ಕೆ ಹಬ್ಬುತ್ತದೆ. ಉಳಿದ ಭಾಗವು ಭಾರವನ್ನು ತಾಳಲಾರದೆ ಹೋದ ಕ್ಷಣದಲ್ಲಿ ತಟ್ಟನೆ ಮುರಿಯುತ್ತದೆ. ಓಟದ ನಡುವೆ ರಾಡು ಮುರಿದರೆ ಹಿಂಚಕ್ರವು ಕಟ್ಟಿಬೀಳುವುದುಂಟು. ಮುಂದೆ ಬೀಳತಕ್ಕವನು ಸವಾರನು.

ಯುವಕನ ಸಮಾಧಾನಕ್ಕಾಗಿ ಮೇಸ್ತ್ರಿಗಳು ಪರೀಕ್ಷೆಯನ್ನೂ ಮಾಡಿದರು. ರಾಡನ್ನು ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬೆಳಗ್ಗೆ ಒಣಬಟ್ಟೆಯಿಂದ ಚೆನ್ನಾಗಿ ಒರಸಿ, ಮೇಲೆ ಸೀಮೆಸುಣ್ಣದ ನಯವಾದ ಪುಡಿಯನ್ನು ಉದುರಿಸಿದರು. ಸೀಳಿದ್ದರೆ ಅದರೊಳಗೆ ಇಳಿದ ಎಣ್ಣೆಯು ಮೆಲ್ಲನೆ ಹೊರಗೆ ಒಸರಿ, ಬಿಳುಪಿನ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ರೈಲ್ವೆ ಕಾರ್ಖಾನೆಗಳಲ್ಲಿ ಹಿಂದೆ ಬಹುಕಾಲ ನಡೆದುಬಂದ ಕ್ರಮವಿದು. ಇಬ್ಬರೂ ಅರ್ಧ ಗಂಟೆ ಕುಳಿತು ನೋಡಿದರು. ಯಾವ ಗೆರೆಯೂ ಮೂಡಲಿಲ್ಲ. ಯುವಕನ ಮುಖವು ಅರಳಿತು. ಮೇಸ್ತ್ರಿಗಳು ಮಾತ್ರ ರಾಡನ್ನು ಒರಸಿ ಅವನ ಕೈಗೇ ಕೊಟ್ಟು, ‘ಮನೆಗೆ ತೆಗೆದುಕೊಂಡು ಹೋಗು. ಇದನ್ನು ನಾನು ಪಂದ್ಯಕ್ಕೆ ಕೂಡಿಸುವುದಿಲ್ಲ’ ಎಂದರು.

‘ಸೀಳಿಲ್ಲವಲ್ಲ, ಮೇಸ್ತ್ರಿಗಳೇ!’

‘ಕಾಣಲಿಲ್ಲ ಅಷ್ಟೆ, ಮಗು. ಇಲ್ಲ ಎಂದು ಯಾರು ಹೇಳಿದರು?’

ಮೇಸ್ತ್ರಿಗಳು ಮೀಮಾಂಸೆಯನ್ನು ಓದಿದವರಲ್ಲ. ಆದರೆ ಭಾಟ್ಟಮೀಮಾಂಸಕರು ಅನುಪಲಬ್ಧಿಯೆಂದು ಕರೆದು, ಆರನೆಯ ಪ್ರಮಾಣವಾಗಿ ಒಪ್ಪಿದ ವಿಚಾರವು ಈ ಮಾತಿನೊಳಗೆ ಇಡಿಯಾಗಿ ಅಡಗಿದೆ. ಬೆಳಕಿರುವ ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆಂದು ನಿಶ್ಚಯಿಸಬಹುದು, ಇದ್ದಿದ್ದರೆ ಕಾಣಲೇಬೇಕಾಗಿತ್ತು. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಅದರಿಂದ ಏನೂ ಸಿದ್ಧಿಸದು. ಕಾಣಲು ಯೋಗ್ಯವಾದುದು ಕಾಣದಿದ್ದಾಗ ಮಾತ್ರ ಕಾಣದಿರುವುದು ಪ್ರಮಾಣ. ಸುಣ್ಣದ ಪುಡಿಯು ಮೇಲ್ಮೈಗೆ ಬಾಯ್ದೆರೆದ ಸೀಳನ್ನು ತೋರಿಸೀತು. ಅದಕ್ಕೆ ಸಿಕ್ಕದಷ್ಟು ಸಣ್ಣ ಸೀಳನ್ನೂ ಲೋಹದೊಳಗಿನ ದೋಷವನ್ನೂ ತೋರಿಸಲಾರದು. ಹೀಗಿರಲು ಆ ಪರೀಕ್ಷೆಯು ಹಳೆಯ ರಾಡನ್ನು ತಿರಸ್ಕರಿಸುವುದಕ್ಕೆ ಸಾಕು, ಸ್ವೀಕರಿಸುವುದಕ್ಕೆ ಸಾಲದು.

ಹೊಸ ರಾಡು ಬಂದಿತು. ಅದಕ್ಕಾಗಿ ಯುವಕನು ಟ್ಯಾಂಕಿಗೆ ಬಣ್ಣ ಹೊಡೆಸಲು ಕೂಡಿಟ್ಟಿದ್ದ ಹಣವನ್ನು ತೆಗೆಯಬೇಕಾಯಿತು. ಹೊಸದೆಂಬ ಕಾರಣದಿಂದ ಮೇಸ್ತ್ರಿಗಳು ಅದನ್ನೂ ನಂಬಲಿಲ್ಲ. ಮೊದಲು ಬಂದುದರ ದೊಡ್ಡ ಕಣ್ಣು ದುಂಡಗಿಲ್ಲವೆಂದು ಅಳತೆಯಿಂದ ಕಂಡು ಹಿಂದಕ್ಕೆ ಕಳುಹಿಸಿದರು. ಎರಡನೆಯದನ್ನು ಅರದಿಂದ ಮೆಲ್ಲನೆ ತೀಡಿ ಗಡಸುತನವನ್ನು ನೋಡಿ, ಅದಕ್ಕೂ ಸೀಮೆಎಣ್ಣೆ ಸುಣ್ಣದ ಪರೀಕ್ಷೆ ಮಾಡಿ ಒಪ್ಪಿದರು. ಹೊಸ ಪಿನ್ನು, ಹೊಸ ಬೇರಿಂಗುಗಳೊಡನೆ ಕ್ರ್ಯಾಂಕನ್ನು ಮತ್ತೆ ಒತ್ತಿ ಕೂಡಿಸಿ, ಎರಡು ಮೊನೆಗಳ ನಡುವೆ ತಿರುಗಿಸಿ, ಓಲಾಟವು ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲಿಗೆ ಇಳಿಯುವವರೆಗೆ ತಾಮ್ರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಸರಿಪಡಿಸಿದರು. ಅದಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ತಂದೆಯ ಸಿಲಿಂಡರು, ತಂದೆಯ ಹೊರಗವಚ, ತಂದೆಯ ಗೇರುಗಳು ತಮ್ಮ ತಮ್ಮ ಸ್ಥಾನದಲ್ಲಿಯೇ ನಿಂತುವು. ಎಂಜಿನ್ನು ಮೊದಲ ಸಲ ಉಸಿರೆತ್ತಿದಾಗ ದನಿಯು ಹಳೆಯದೇ ಆಗಿದ್ದಿತು.

ಪಂದ್ಯದ ದಿನ ತಾಯಿಯೂ ಹೋಗಿದ್ದರು. ಕೆಂಧೂಳಿನಲ್ಲಿ ಯಾರು ಯಾರೆಂದು ತಿಳಿಯುತ್ತಿರಲಿಲ್ಲವಾದರೂ ದನಿಯಿಂದಲೇ ಅವರು ತಮ್ಮ ಮನೆಯ ಬಂಡಿಯನ್ನು ಗುರುತಿಸಿದರು. ಒಂಬತ್ತು ಜನರಲ್ಲಿ ಮಗನು ಐದನೆಯವನಾದನು. ಅದೇ ಓಟದಲ್ಲಿ ಇನ್ನೊಬ್ಬನ ಬಂಡಿಯು ಮೂರನೆಯ ಸುತ್ತಿನಲ್ಲಿ ದೊಡ್ಡ ಶಬ್ದ ಮಾಡಿ ಹೊಗೆಯುಗುಳುತ್ತ ನಿಂತುಹೋಯಿತು; ದೈವವಶದಿಂದ ಅವನು ಆಗ ತಿರುವಿನಲ್ಲಿ ನಿಧಾನವಾಗಿದ್ದನು. ಅದನ್ನು ಬಿಚ್ಚಿ ನೋಡಿದವರು ರಾಡು ಎರಡಾಗಿದ್ದಿತೆಂದರು. ಅದು ಹಳೆಯದೋ ಹೊಸದೋ ಯಾರಿಗೂ ತಿಳಿಯಲಿಲ್ಲ. ಅದನ್ನು ಕೂಡಿಸಿದವರು ಕೇಳಿಯೂ ಇರಲಿಲ್ಲವಂತೆ.

ಆ ವರ್ಷದ ಮಹಾನವಮಿಯಲ್ಲಿ ಆಯುಧಪೂಜೆಗೆ ಬಂಡಿಯನ್ನು ತೊಳೆದು ಅಂಗಳದಲ್ಲಿ ನಿಲ್ಲಿಸಿ, ಕುಂಬಳಕಾಯಿಗೆ ಕುಂಕುಮ ತುಂಬಿ ಎದುರಿಗಿಟ್ಟರು. ತಾಯಿಯು ಒಳಗಿನಿಂದ ಹಳೆಯ ರಾಡನ್ನು ತಂದು, ನೋಟುಬುಕ್ಕಿನ ಮೇಲಿಟ್ಟು, ಅದಕ್ಕೂ ಅರಿಸಿನ ಕುಂಕುಮವನ್ನು ಹಚ್ಚಿದರು. ‘ಇದಕ್ಕೇಕಮ್ಮ, ಇದು ಓಡುವುದಿಲ್ಲವಲ್ಲ?’ ಎಂದು ಮಗನು ಕೇಳಿದನು. ‘ಓಡಿದ್ದು ಸಾಕಪ್ಪ, ಇನ್ನು ಮನೆಯಲ್ಲಿರಲಿ’ ಎಂದು ಹೇಳಿ ಅವರು ಆರತಿಯ ತಟ್ಟೆಯನ್ನು ತರಲು ಒಳಗೆ ಹೋದರು.