ಡ್ರಮ್ಮೂ ಅಜ್ಜಿಯ ಧಾಟಿಯೂ

ಫರೀದಾಬಾದಿನಲ್ಲಿ ನಾವು ಹೋಗುವ ಹಿಂದಿ ಆರಾಧನೆಗೆ ಕಳೆದ ವರ್ಷ ಡ್ರಮ್ ಸೆಟ್ ಬಂತು. ಮೊದಲ ಭಾನುವಾರ ಅದರ ಬಡಿತಕ್ಕೆ ನನ್ನ ಎದೆಯೂ ಕೂತ ಬೆಂಚೂ ಒಟ್ಟಿಗೆ ನಡುಗಿದವು. "ಇದೇನು, ದೇವಾಲಯವೋ ಮದುವೆ ದಿಬ್ಬಣವೋ?" ಎಂದು ಮೆಟ್ಟಿಲಿಳಿಯುತ್ತಲೇ ಗೊಣಗಿದೆ. "ನಿಮ್ಮ ಹಾಡುಗಳೇನು ಆಕಾಶದಿಂದ ಉದುರಿದ್ವಾ ಪಪ್ಪಾ?" ಅಂದಳು ಮಗಳು.

ಮಂಗಳೂರಿನ ಬಾಸೆಲ್ ಮಿಶನ್ ಮನೆತನ ನಮ್ಮದು. ಶುಭ ಶುಕ್ರವಾರ ಅಜ್ಜಿ ಕಣ್ಣೊರೆಸಿಕೊಳ್ಳುತ್ತ ಹಾಡುತ್ತಿದ್ದ ಒಂದು ಜರ್ಮನ್ ಧಾಟಿ ನನಗೆ ಪರಮ ಪವಿತ್ರ. ಕೆದಕಿ ನೋಡಿದರೆ ಅದು 1601ರಲ್ಲಿ ಹಾನ್ಸ್ ಲಿಯೊ ಹಾಸ್ಲರ್ ಅಚ್ಚು ಹಾಕಿಸಿದ ಪ್ರೇಮಗೀತೆ! ಹುಡುಗಿಯೊಬ್ಬಳಿಗಾಗಿ ತಲೆಕೆಟ್ಟವನ ಗೋಳು. ಆಮೇಲೆ ಅದು ಶಿಲುಬೆಯ ಹಾಡಿಗೆ ಹೊಂದಿಕೊಂಡಿತು, ಸಂಗೀತಕಾರ ಬಾಖ್ ಕೈಗೆ ಸಿಕ್ಕಿತು, ಹಡಗು ಹತ್ತಿ ನಮ್ಮಜ್ಜಿಯ ಬಾಯಿಗೂ ಬಂತು. ಅಜ್ಜಿಗೆ ಇದು ಗೊತ್ತಾಗಲಿಲ್ಲ, ಒಳ್ಳೆಯದೇ ಆಯಿತು. ಅದೇ ಮಿಶನ್ನಿನ ಕಿಟ್ಟೆಲ್ ಬೇರೆ ದಾರಿ ಹಿಡಿದಿದ್ದರು: 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಗೆ ಕನ್ನಡದ ಛಂದಸ್ಸನ್ನೇ ತೊಡಿಸಿದರು.

ಚಿತ್ರದ ವಿಷಯದಲ್ಲೂ ನನಗೆ ಹೀಗೇ ಆಯಿತು. ಒಮ್ಮೆ ಮೆಟ್ರೊ ನಿಲ್ದಾಣದಲ್ಲಿ ರೈಲಿಗೆ ಕಾಯುವಾಗ ಮಗಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು: ಗೋವೆಯ ಎಫ್.ಎನ್. ಸೋಜಾ 1959ರಲ್ಲಿ ಬರೆದ, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ಶಿಲುಬೆಯ ಚಿತ್ರ. ಕಪ್ಪು ಮೈ, ಮೈಯೆಲ್ಲ ಮುಳ್ಳು. ಥೂ ಎನ್ನಬೇಕೆನಿಸಿತು. ಮಗುವಾಗಿದ್ದಾಗ ಸಿಡುಬು ಬಡಿದು, ಬದುಕಿದರೆ ಪಾದ್ರಿ ಮಾಡುತ್ತೇನೆಂದು ತಾಯಿ ಹರಕೆ ಹೊತ್ತ ಮಗ ಈ ಸೋಜಾ, ಪಾದ್ರಿಯಂತೂ ಆಗಲಿಲ್ಲ. ಆದರೆ ಮನೆಗೆ ಬಂದು ನಮ್ಮ ಗೋಡೆಯ ಕ್ಯಾಲೆಂಡರ್ ನೋಡಿದೆ. ಹೊಂಗೂದಲು, ಗುಲಾಬಿ ಕೆನ್ನೆ, ಈಗಷ್ಟೇ ಸ್ನಾನ ಮುಗಿಸಿ ಬಂದ ಯೇಸು. ಇವರಿಗೆ ಮೊಳೆ ಹೊಡೆದದ್ದಾದರೂ ಯಾವಾಗ? ನೋವನ್ನು ಬಲ್ಲವನು ಸೋಜಾನೇ ಅನಿಸಿತು.

ಈಗ ಡ್ರಮ್ಮಿನ ಮೇಲೆ ನನಗೆ ತಕರಾರಿಲ್ಲ. ತಕರಾರು ಇರುವುದು ಹಾಡುಗಳ ಮೇಲೆ. ನಾಲ್ಕು ಹಾಡಿದರೆ ನಾಲ್ಕರಲ್ಲೂ ಜಯ, ಆಶೀರ್ವಾದ, ಇನ್ನಷ್ಟು ಜಯ. ಫ್ಯಾಕ್ಟರಿಯಲ್ಲಿ ಕೆಲಸ ಕಳೆದುಕೊಂಡು ಹಿಂದಿನ ಸಾಲಿನಲ್ಲಿ ಕೂತವನು ಏನು ಹಾಡಬೇಕು? ಬೈಬಲಿನ 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಅಳುವೇ ಇದೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ.

ಆ ಕೀರ್ತನೆಗೊಂದು ಧಾಟಿ ಕಟ್ಟಿ ಎಂದು ಬ್ಯಾಂಡಿನ ಹುಡುಗರಿಗೆ ಹೇಳಿದ್ದೇನೆ. ಡ್ರಮ್ ಬೇಕಾದರೆ ಇರಲಿ.