ಈ ಸ್ಪ್ರಿಂಟ್ ಮುಗೀಲಿ, ಆಮೇಲೆ...

ನಮ್ಮಜ್ಜಿ ದಿನ ಲೆಕ್ಕ ಹಾಕ್ತಿದ್ದದ್ದು ಶುಕ್ಲಪಕ್ಷ, ಕೃಷ್ಣಪಕ್ಷ ಅಂತ. ಸಾಫ್ಟ್‌ವೇರ್ ಕೆಲಸದಲ್ಲಿರೋ ನಾನು ಹಾಕೋದು ಸ್ಪ್ರಿಂಟ್ ಲೆಕ್ಕ. ಎರಡೂ ಹೆಚ್ಚುಕಮ್ಮಿ ಹದಿನೈದು ದಿನವೇ!

ಗೊತ್ತಿಲ್ಲದವರಿಗೆ ಹೇಳ್ತೀನಿ. ವರ್ಷವಿಡೀ ಕೆಲಸ ಮಾಡಿ ಕೊನೆಗೊಮ್ಮೆ ಗ್ರಾಹಕರಿಗೆ ತೋರಿಸೋ ಬದಲು, ಎರಡು ವಾರಕ್ಕೆ ಆಗುವಷ್ಟನ್ನೇ ಆರಿಸಿಕೊಂಡು, ಮುಗಿಸಿ, ತೋರಿಸಿ, ಎಲ್ಲಿ ಎಡವಿದ್ವಿ ಅಂತ ಮಾತಾಡಿಕೊಂಡು ಮುಂದೆ ಹೋಗೋದು. ಸ್ಕ್ರಮ್ ಪದ್ಧತಿಯಲ್ಲಿ ಒಂದು ಸ್ಪ್ರಿಂಟ್ ತಿಂಗಳಿಗಿಂತ ಉದ್ದ ಇರುವಂತಿಲ್ಲ. ಒಂದು ಮುಗಿದ ಕೂಡಲೇ ಇನ್ನೊಂದು ಶುರು. ಹಾಗಾಗಿ "ಈ ಸ್ಪ್ರಿಂಟ್ ಮುಗೀಲಿ, ಊರಿಗೆ ಬರ್ತೀನಿ" ಅನ್ನೋ ನಮ್ಮ ಮಾತಿಗೆ ಕೊನೆಯೇ ಇಲ್ಲ.

ಹೋದ ವರ್ಷ ಅಮ್ಮನ ಕಣ್ಣಿನ ಪೊರೆಯ ಆಪರೇಷನ್ ಸ್ಪ್ರಿಂಟಿನ ನಟ್ಟನಡುವೆ ಬಂತು. "ಹತ್ತು ದಿನದಲ್ಲಿ ನಾಲ್ಕು ದಿನ ನಾನಿರಲ್ಲ" ಅಂತ ಪ್ಲಾನಿಂಗ್ ಮೀಟಿಂಗಲ್ಲೇ ಹೇಳಿದೆ.

"ಹೋಗ್ಬನ್ನಿ. ಕೆಲಸ ಮಾತ್ರ ಅಷ್ಟೇ ಇರಲಿ, ರಾತ್ರಿ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದ್ರು ಮ್ಯಾನೇಜರ್.

ನಾನು ಒಪ್ಪಲಿಲ್ಲ. ಸ್ಪ್ರಿಂಟಲ್ಲಿ ಗಟ್ಟಿಯಾಗಿ ನಿಗದಿಯಾಗಿರೋದು ದಿನಗಳು. ಡಬ್ಬಿಯ ಗಾತ್ರ ಬದಲಾಗಲ್ಲ ಅಂದ್ಮೇಲೆ ಒಳಗೆ ತುಂಬೋದನ್ನ ತಾನೇ ಕಮ್ಮಿ ಮಾಡಬೇಕು? "ಸರ್, ಎರಡು ಸ್ಟೋರಿ ತೆಗೆದು ಮುಂದಕ್ಕೆ ಹಾಕೋಣ" ಅಂದೆ. ಎಲ್ಲರೂ ಸುಮ್ಮನಾದ್ರು. ಆಮೇಲೆ ಸಹೋದ್ಯೋಗಿಯೊಬ್ಬರು, "ನನ್ನ ಮಗಳಿಗೂ ವ್ಯಾಕ್ಸಿನ್ ಹಾಕಿಸಬೇಕು, ನಂದೂ ಒಂದು ದಿನ ಕಳೀರಿ" ಅಂದ್ರು. ಎರಡು ಸ್ಟೋರಿ ಮುಂದಕ್ಕೆ ಹೋದವು. ಆಕಾಶವೇನೂ ಕಳಚಿ ಬೀಳಲಿಲ್ಲ. ನಾನು ಲ್ಯಾಪ್‌ಟಾಪ್ ಇಲ್ಲದೆ ಅಮ್ಮನಿಗೆ ಹೊತ್ತುಹೊತ್ತಿಗೆ ಕಣ್ಣಿಗೆ ಡ್ರಾಪ್ಸ್ ಹಾಕ್ತಾ ಕೂತಿದ್ದೆ.

ಇದು ನಾನು ಕಂಡುಹಿಡಿದ ಉಪಾಯ ಅಲ್ಲ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ರೂಪಿಸಿದರು. ಅದರ 12 ತತ್ವಗಳಲ್ಲಿ ಒಂದು ಹೇಳೋದು, ಎಷ್ಟು ಕಾಲವಾದರೂ ಒಂದೇ ವೇಗದಲ್ಲಿ ನಡೆಸಿಕೊಂಡು ಹೋಗುವಂತೆ ಕೆಲಸ ಇರಬೇಕು ಅಂತ. ಸ್ಪ್ರಿಂಟ್ ಅನ್ನೋ ಹೆಸರೇನೋ ನೂರು ಮೀಟರ್ ಓಟದ್ದು, ಆದರೆ ನಡಿಗೆ ಧರ್ಮಸ್ಥಳದ ಪಾದಯಾತ್ರೆಯದ್ದಾಗಿರಬೇಕು. ಮೊದಲ ದಿನವೇ ಓಡಿದವರ ಕಾಲು ಚಾರ್ಮಾಡಿ ಘಾಟಿಗೆ ಬರೋಷ್ಟರಲ್ಲಿ ಏನಾಗಿರುತ್ತೆ ಹೇಳಿ!

ಈಗ ನಮ್ಮ ಟೀಮಲ್ಲಿ ಪ್ಲಾನಿಂಗ್ ಶುರುವಾಗೋದೇ ರಜೆಯಿಂದ. ಹಬ್ಬ, ಮದುವೆ, ಆಸ್ಪತ್ರೆ ಎಲ್ಲ ಮೊದಲು ಬರೀತೀವಿ. ಉಳಿದ ದಿನಕ್ಕೆಷ್ಟೋ ಅಷ್ಟು ಕೆಲಸ. ನೀವೂ ಮುಂದಿನ ಸೋಮವಾರ ಒಮ್ಮೆ ಕೇಳಿ ನೋಡಿ.