ನಾನು ಅಳಿಸಿದ ಊರು

ವಾಚನಾಲಯದ ಪುಸ್ತಕಕ್ಕ ಏನಾರ ಬರೀರಿ ಅಂತ ನಮ್ಮ ಕನ್ನಡ ಶಾಲಿ ಮಾಸ್ತರರು ಎರಡು ಸಲ ಮನಿತನಕ ಬಂದು ಹೇಳಿ ಹೋದರು. ನಾನು ಹಾಡಕಿ ಬಗ್ಗೆ ಬರೀತೀನಿ ಅಂತ ಅವರ ಮನಸ್ಸಿನ್ಯಾಗ ಇತ್ತು. ಹರದೇಶಿ-ನಾಗೇಶಿ ಅಂದ್ರೇನು, ದಪ್ಪು ಹ್ಯಾಂಗ ಕಾಯಿಸಬೇಕು, ಬೆಳತನಕ ಸವಾಲು-ಜವಾಬು ಹ್ಯಾಂಗ ನಡೀತಿತ್ತು, ಅವೆಲ್ಲ. ಅದಕ್ಕ ಮುಂದಿನ ಪುಸ್ತಕ ಐತಿ. ಈ ಸಲ ನಾನು ಮಾಡಿದ ಒಂದು ತಪ್ಪು ಬರೀತೀನಿ. ಏಳನೇತ್ತ ಕಲಿತಾಂವ ನಾನು, ಅಕ್ಷರ ಹಿಂದಮುಂದ ಆದ್ರ ಹೊಟ್ಯಾಗ ಹಾಕ್ಕೋರಿ.

ನಮ್ಮದು ಜತ್ತ ತಾಲೂಕು, ಸಾಂಗ್ಲಿ ಜಿಲ್ಲಾ. ಮನಿಯಾಗ ಕನ್ನಡ, ತಲಾಠಿ ಮುಂದ ಮರಾಠಿ. ಮನಿಗೆಲ್ಲಾ ಇರೂದು ಒಂದ ದೊಡ್ಡ ಫೋನು. ಮಗ ಸಾಂಗ್ಲಿಗೆ ದುಡಿಯಾಕ ಹೋಗುವಾಗ ತನ್ನ ಹಳೇದು ಬಿಟ್ಟು ಹೋದದ್ದು. ಹಗಲು ಅದು ಸೊಸಿ ಕೈಯಾಗ, ಸಂಜಿಗೆ ಮೊಮ್ಮಗನ ಕೈಯಾಗ. ಅಂವ ಆರನೇತ್ತ ಓದತಾನ.

ಅಂವ ಆಡೋ ಆಟದ ಹೆಸರು ಮೈನ್‌ಕ್ರಾಫ್ಟ್. ಸ್ವೀಡನ್ ದೇಶದವರು ಮಾಡಿದ್ದು. ಫೋನಿನ ಆಟ ಅಂದ್ರ ಗುಂಡು ಹೊಡಿಯೂದು ಅಂತ ತಿಳದಿದ್ದೆ. ಇದು ಹಂಗಲ್ಲ. ಎಲ್ಲಾ ಚೌಕ ಚೌಕ. ಮಣ್ಣು ಚೌಕ, ಗಿಡ ಚೌಕ, ಮುಗಲಾಗಿನ ಸೂರ್ಯಾನೂ ಚೌಕ! ಬರಿಗೈಲೆ ಗಿಡ ಮುರಿಯೂದರಿಂದ ಸುರು. ಕಟಗಿಯಿಂದ ಗುದ್ದಲಿ, ಆ ಗುದ್ದಲಿಯಿಂದ ಕಲ್ಲು, ಕಲ್ಲಿನ ಗುದ್ದಲಿಯಿಂದ ಕಬ್ಬಿಣ. ಕಬ್ಬಿಣದ ಗುದ್ದಲಿ ಕೈಯಾಗ ಬಂದ ಮ್ಯಾಲೆನ ವಜ್ರ ತೆಗಿಯಾಕ ಬರತೈತಿ. ಅಲ್ಲಿಯ ಒಂದು ಹಗಲು-ರಾತ್ರಿ ನಮ್ಮ 20 ನಿಮಿಷಕ್ಕ ಮುಗೀತೈತಿ. ಕತ್ತಲಾತಂದ್ರ ದೆವ್ವ ಹೊರಬೀಳತಾವ, ಅದರೊಳಗ ಮನಿ ಕಟ್ಟಿಕೊಂಡಿರಬೇಕು.

ಇಂವ ಎಂಟು ತಿಂಗಳು ಕೂತು ಒಂದು ಊರ ಕಟ್ಟಿದ್ದ. ಹಳ್ಳದ ದಂಡಿಗೆ ಮನಿ, ಕುರಿ ದಡ್ಡಿ, ಗೋದಿ ಹೊಲ. ಹೊಲದ ನಡುವ ನೀರಿನ ಕಾಲುವಿ ತೆಗದಿದ್ದ. ನೀರಿನಿಂದ ನಾಕು ಚೌಕದ ತನಕ ಮಣ್ಣು ಹಸಿ ಇರತೈತಂತ. "ನಮ್ಮ ಜತ್ತಕಿಂತ ಅಲ್ಲೇ ಛಲೋ ಐತಲ್ಲೋ" ಅಂದ್ರ ನಗತಿದ್ದ. ಮತ್ತ ಒಂದು ನಾಯಿ ಸಾಕಿದ್ದ. ಕಾಡಿನ ತೋಳಕ್ಕ ಎಲುವು ಹಾಕಿ ಪಳಗಿಸಿದ್ರ ನಾಯಿ ಆಗತೈತಿ ಅಲ್ಲಿ. ಅದಕ್ಕ ಹೆಸರಿಡಾಕ ಒಂದು ಚೀಟಿ ಬೇಕು, ಆಗ ಅದು ಸಿಗೂದು ಅಪರೂಪ ಇತ್ತು. ಎಷ್ಟೋ ದಿನ ನೀರಿಗೆ ಗಾಳ ಹಾಕಿ ಕೂತು ಚೀಟಿ ಗಳಿಸಿ, 'ಮೋತ್ಯಾ' ಅಂತ ಇಟ್ಟಿದ್ದ. ಮೋತ್ಯಾ ಅಂದ್ರ ನಮ್ಮ ಹೊಲದ ನಾಯಿ, ಸತ್ತು ಹೋಗಿತ್ತು. ಆಟದಾಗಿನ ಮೋತ್ಯಾಗ ಕೂಡು ಅಂದ್ರ ಕೂತು ಬಿಡತೈತಿ, ಎಬ್ಬಸೂತನ ಜಾಗ ಬಿಡೂದಿಲ್ಲ. ಅದನ್ನ ಬಾಗಲ ಮುಂದ ಕೂಡಿಸಿ ಇಂವ ವಜ್ರಕ್ಕ ಹೋಗತಿದ್ದ.

ಗುಡ್ಡಾಪುರ ದಾನಮ್ಮನ ಜಾತ್ರಿ ಇನ್ನ ಎಂಟು ದಿನ ಇತ್ತು. ನಮ್ಮ ಮ್ಯಾಳದ ಕಾಕಾ ಸಂಜಿಗೆ ಮನಿಗೆ ಬಂದರು. ನನಗ ಹಾಡು ಕಲಿಸಿದವರು ಅವರ. ಸಹಿ ಮಾಡಾಕ ಬರತಿದ್ದಿಲ್ಲ, ಆದ್ರ ಬಾಯಾಗ ನೂರಾರು ಹಾಡು. ಅವನ್ನೆಲ್ಲ ನಾನು ಒಂದು ವಹಿಯಾಗ ಬರಕೊಂಡಿದ್ದೆ. ಮೂವತ್ತು ವರ್ಷದ ಹಿಂದ ಮಾಳಿಗಿ ಸೋರಿ, ಮಾಡದಾಗಿನ ವಹಿ ನೀರ ಕುಡದು ಶಾಯಿ ಎಲ್ಲಾ ಒಂದಾತು. ನೆನಪಿದ್ದಷ್ಟು ಹಾಡಿಕೋತ ಬಂದೆ, ಉಳಿದದ್ದು ಕಾಕಾನ ಬಾಯಾಗ ಅಷ್ಟ ಇತ್ತು. ಈಗ ಅವರಿಗೆ ದಮ್ಮು. ಒಂದು ನುಡಿ ಹಾಡಿದ್ರ ಎರಡು ನಿಮಿಷ ಕೆಮ್ಮು. "ಇವತ್ತ ಸ್ವಲ್ಪ ಹಗುರ ಐತೋ, ಅದ್ರಾಗ ಹಿಡಕೋ" ಅಂದರು.

ಫೋನು ಹಚ್ಚಿದ್ರ ಜಾಗ ಇಲ್ಲ ಅಂತು. ಮೊಮ್ಮಗ ಗೆಳ್ಯಾರ ಕೂಡ ಹೋಗಿದ್ದ, ಸೊಸಿ ಹಿಂಡಾಕ ಹೋಗಿದ್ಲು. ಕಾಕಾ ತಾಳ ಕೈಯಾಗ ಹಿಡಕೊಂಡು ಕೂತಾರ. ಯಾವುದು ಹೆಚ್ಚು ಜಾಗ ತಿಂದೈತಿ ಅಂತ ಫೋನ ಒಂದು ಪಟ್ಟಿ ತೋರಿಸ್ತು. ಮ್ಯಾಲ ಇದ್ದದ್ದ ಈ ಆಟ. ಆಟ ತಾನ, ನಾಳೆ ಮತ್ತ ಹಾಕ್ಕೋತಾನ ಅಂದುಕೊಂಡೆ. ತೆಗೀಲೇನು ಅಂತ ಮರಾಠಿಯಾಗ ಕೇಳಿತು. ಹೂಂ ಅಂತ ಒತ್ತಿದೆ.

ಕಾಕಾ ಮೂರು ಹಾಡು ಹಾಡಿದರು. ಹಂಗ ಹಾಡಿದ್ದು ಹತ್ತು ವರ್ಷದಾಗ ನಾ ಕೇಳಿದ್ದಿಲ್ಲ.

ರಾತ್ರಿ ಊಟದ ಮುಂದ ಹುಡುಗ ಫೋನ ತಗದ. ಗದ್ದಲ ಮಾಡಲಿಲ್ಲ. "ಯಾರು ತಗದ್ರು?" ಅಂದ. ನಾ ಅಂದೆ. ಅವರಪ್ಪ ರೊಕ್ಕ ಕೊಟ್ಟು ತೊಗೊಂಡಿದ್ದ, ಹಿಂಗಾಗಿ ಆಟ ಪುಕ್ಕಟ ಮತ್ತ ಬಂತು. ನನಗ ಹಗುರಾತು. ಆದ್ರ ತೆರದು ನೋಡಿದ್ರ ಊರಿನ ಪಟ್ಟಿ ಖಾಲಿ. ಮರುದಿನ ಜತ್ತದಾಗ ಮೊಬೈಲ ಅಂಗಡಿ ಹುಡುಗ ತಿಳಿಸಿ ಹೇಳಿದ: ಆಟ ಖಾತೆಗೆ ಸೇರಿದ್ದು, ಆದ್ರ ಕಟ್ಟಿದ ಊರು ಫೋನಿನೊಳಗ ಇಟ್ಟಿರತೈತಿ. ಮೊದಲ ನಕಲು ತೆಗದು ಬ್ಯಾರೆ ಕಡೆ ಇಟ್ಟಿದ್ರ ಉಳೀತಿತ್ತು, ಆಟ ಕಿತ್ತು ಹಾಕಿದ್ರ ಅದರ ಕೂಡ ಹೋಗತೈತಿ.

ಮನಿಯಾಗ ಯಾರಿಗೂ ದುಃಖ ಇಲ್ಲ. "ಛಲೋ ಆತು, ಇನ್ನಾರ ಓದತಾನ" ಅಂದ್ಲು ಸೊಸಿ. ನಮ್ಮಾಕಿ "ಆಟಕ್ಕ್ಯಾಕ ಇಷ್ಟು?" ಅಂದ್ಲು. ಓದೋ ಮಾಸ್ತರರೂ ಹಂಗ ಅಂತೀರಿ. ಫೋನಿನ ಚಟ ನನಗೂ ಸೇರೂದಿಲ್ಲ. ಆದ್ರ ನಾ ಹಾಡಕಿ ಮುಗಿಸಿ ಮುಂಜಾನಿ ಮನಿಗೆ ಬಂದ್ರ ನಮ್ಮಪ್ಪನೂ "ರಾತ್ರಿಯೆಲ್ಲಾ ಆಟ ಆಡಿ ಬಂದೇನು?" ಅಂತ ಬಾರಕೋಲು ತೊಗೋತಿದ್ದ.

ನಾಕು ದಿನ ಹುಡುಗ ನನ್ನ ಕೂಡ ಮಾತಾಡಲಿಲ್ಲ. ಹಾಸಿಗಿ ತನ್ನ ಆಯಿ ಕಡೆ ಹಾಕ್ಕೊಂಡ. ಐದನೇ ದಿನ ಹೊಲದಾಗ ದಾಳಿಂಬರ ಗಿಡಕ್ಕ ನೀರು ಬಿಟ್ಟು ಕೂತಾಗ ನನ್ನ ವಹಿ ಕತಿ ಹೇಳಿದೆ. ಸಮಾಧಾನ ಆದೀತು ಅಂತ. ಎಲ್ಲಾ ಕೇಳಿ ಅಂವ ಅಂದ:

"ಮುತ್ಯಾ, ನಿನ್ನ ವಹಿ ಮಳಿ ತಿಂತು. ನಂದು ನೀ ತಗದಿ."

ನಲವತ್ತು ವರ್ಷ ಸವಾಲು-ಜವಾಬು ಮಾಡಿದಾಂವ ನಾನು. ಇದಕ್ಕ ನನ್ನ ಹಂತ್ಯಾಕ ಜವಾಬು ಇದ್ದಿಲ್ಲ. "ಖರೇ ಐತಿ, ತಪ್ಪಾತೋ ಅಪ್ಪಾ" ಅಂದೆ. ಅಲ್ಲೀತನ ನಾ ಈ ಮಾತು ಅಂದಿದ್ದಿಲ್ಲ, ಆಟ ಮತ್ತ ಹಾಕಿಸಿದ್ದ ದೊಡ್ಡದು ಅಂತ ತಿಳದಿದ್ದೆ. ಅಂವ ಆಗ ಅತ್ತ. ಊರು ಹೋದದ್ದಕ್ಕಲ್ಲ. "ಮೋತ್ಯಾ ಕೂತಲ್ಲೇ ಇದ್ದ, ನಾ ಎಬ್ಬಿಸಿದ್ದಿಲ್ಲ" ಅಂತ.

ಅವತ್ತ ಸಂಜಿಗೆ ಲೆಕ್ಕದ ಚೌಕಳಿ ವಹಿ ಕೊಟ್ಟು, ಎಲ್ಲೆಲ್ಲಿ ಏನಿತ್ತು ಬರಿ ಅಂದೆ. ಎರಡು ದಿನ ಮುಟ್ಟಲಿಲ್ಲ. ಮೂರನೇ ದಿನ ನೋಡಿದ್ರ ಹಳ್ಳ, ಮನಿ, ದಡ್ಡಿ, ಕಾಲುವಿ ಎಲ್ಲಾ ಬರದಾನ, ಚೌಕ ಎಣಿಸಿ. ಅದನ್ನ ಶಾಲಿಗೆ ಒಯ್ದಾಗ ಒಬ್ಬ ಗೆಳ್ಯಾ, "ನಾವಿಬ್ಬರೂ ಒಂದ ನಂಬರಿನಿಂದ ಸುರು ಮಾಡಿದ್ವಲ್ಲೋ, ನನ್ನ ಕಡೆ ಐತಿ" ಅಂದನಂತ. ಆ ಆಟದಾಗ ಪ್ರತಿ ಭೂಮಿಗೂ ಒಂದು ನಂಬರ ಇರತೈತಿ. ಅದೇ ನಂಬರ ಹಾಕಿದ್ರ ಅದೇ ಗುಡ್ಡ, ಅದೇ ಹಳ್ಳ ಮತ್ತ ಹುಟ್ಟತಾವ. ಅದಕ್ಕ ಸೀಡ್ ಅಂತಾರ. ಸೀಡ್ ಅಂದ್ರ ಬೀಜ ಅಂತ ಹುಡುಗ ಹೇಳಿದಾಗ ನಾ ಎರಡು ಸಲ ಕೇಳಿದೆ. ಭೂಮಿ ಬರತೈತಿ, ಆದ್ರ ನಾವು ಕಟ್ಟಿದ್ದು ಬರೂದಿಲ್ಲ.

ಆ ರಾತ್ರಿ ಇಬ್ಬರೂ ಕೂತು ನಂಬರ ಹಾಕಿದಿವಿ. ಗುಡ್ಡ ಬಂತು. ವಹಿ ನೋಡಿಕೋತ ನಡದು ಹಳ್ಳದ ದಂಡಿ ಮುಟ್ಟಿದ. ಬರೇ ಹುಲ್ಲು. ಅಂವ ಬಾಳೊತ್ತು ಸುಮ್ಮನ ನಿಂತ. ಆಮ್ಯಾಲ "ಇಲ್ಲೇ ಬಾಗಲ ಇತ್ತು" ಅಂದ. ಕತ್ತಲಾಗಾಕ ಬಂದಿತ್ತು. ಗಿಡ ಮುರಿಯಾಕ ಹೋದ. ವಜ್ರ ಎಲ್ಲಿ ಅದಾವ ಅಂತ ಗೊತ್ತಿದ್ದದ್ದಕ್ಕ ಈ ಸಲ ಎಂಟ ದಿನದಾಗ ತಗದ. ಹೊಸ ಊರು ಹಳೇದರ ಹಂಗ ಕಟ್ಟಲಿಲ್ಲ, ಮನಿ ಗುಡ್ಡದ ಮ್ಯಾಲ ಕಟ್ಯಾನ. ನಾಯಿ ಸಾಕಿಲ್ಲ ಇನ್ನ.

ಕಾಕಾ ಸಂಕ್ರಾಂತಿ ಆಗಿ ಹತ್ತು ದಿನಕ್ಕ ಹೋದರು. ಆ ಮೂರು ಹಾಡು ಅಷ್ಟ ಉಳದಾವ. ಎರಡನೇ ಹಾಡಿನ ನಡುವ ನಮ್ಮ ಎಮ್ಮಿ ಒದರಿದ್ದೂ ಕೇಳತೈತಿ. ತಪ್ಪು ಮಾಡಿದೆ ಅಂತೀನಿ, ಆದ್ರ ಒತ್ತಬಾರದಿತ್ತು ಅನ್ನಾಕ ಬಾಯಿ ಬರೂದಿಲ್ಲ. ಇದನ್ನ ಹುಡುಗನ ಮುಂದನೂ ಹೇಳೀನಿ. ಅಂವ ಏನೂ ಅನಲಿಲ್ಲ.

ಯುಗಾದಿಗೆ ಫೋನು ಮತ್ತ ಜಾಗ ಇಲ್ಲ ಅಂತು. ಹುಡುಗ ಅವರಪ್ಪನ ಕಡಿಂದ ಒಂದು ಮೆಮೊರಿ ಕಾರ್ಡ ತರಿಸಿ, ಮೊದಲ ಆ ಮೂರು ಹಾಡು ಅದಕ್ಕ ಹಾಕಿದ. ಆಮ್ಯಾಲ ತನ್ನ ಊರಿನ ನಕಲು ಹಾಕಿದ. ಕಾರ್ಡನ್ನ ಕಾಗದದಾಗ ಸುತ್ತಿ, ಮ್ಯಾಲ ಕನ್ನಡದಾಗ "ಕಾಕಾ, ಊರು" ಅಂತ ಬರದು ನನ್ನ ಕೈಯಾಗ ಕೊಟ್ಟು ಅಂದ, "ಮುತ್ಯಾ, ಮಾಡದಾಗ ಇಡಬ್ಯಾಡ."

ಟ್ರಂಕಿನ್ಯಾಗ ಇಟ್ಟೀನಿ.